ಕೊರತೆ ಅರಿವಿನದಲ್ಲ, ಬೇಳೆಯದು

ಪೌಷ್ಟಿಕ ಆಹಾರದ ಬಗ್ಗೆ ಸಭೆ ಎಲ್ಲೇ ನಡೆಯಲಿ, ಒಂದು ಮಾತು ತಪ್ಪದೆ ಬರುತ್ತದೆ: ನಮ್ಮ ಜನಕ್ಕೆ ಅರಿವಿಲ್ಲ. ರಾಗಿ ಅಗ್ಗ, ಸೊಪ್ಪು ಅಗ್ಗ, ಕಾಳು ಅಗ್ಗ. ಮನಸ್ಸು ಮಾಡಿದರೆ ಕಡಿಮೆ ಖರ್ಚಿನಲ್ಲಿ ಯಾರು ಬೇಕಾದರೂ ಚೆನ್ನಾಗಿ ತಿನ್ನಬಹುದು. ಆದರೆ ಈ ತಾಯಂದಿರು ಮಗುವಿನ ಕೈಗೆ ಕುರುಕಲು ಪೊಟ್ಟಣ ಕೊಟ್ಟು ಸುಮ್ಮನಾಗುತ್ತಾರೆ, ಈ ಗಂಡಸರು ದುಡಿದದ್ದನ್ನು ಮೊಬೈಲಿಗೂ ಹೆಂಡಕ್ಕೂ ಸುರಿಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ. ವೇದಿಕೆಯ ಮೇಲಿದ್ದವರು ತಲೆದೂಗುತ್ತಾರೆ. ಆ ತಾಯಂದಿರ ಅಡುಗೆಮನೆಯನ್ನು ಕಣ್ಣಾರೆ ಕಂಡ ಅಂಗನವಾಡಿ ಕಾರ್ಯಕರ್ತೆ ಕೆಳಗೆ ಕುಳಿತಿರುತ್ತಾಳೆ. ಅವಳು ಬಾಯಿ ತೆರೆಯುವಂತಿಲ್ಲ.

ಈ ಮಾತು ಸುಳ್ಳು. ಬರಿಯ ಸುಳ್ಳಾಗಿದ್ದರೆ ಕೇಳಿ ಎದ್ದು ಬರಬಹುದಿತ್ತು. ಇದು ಮಕ್ಕಳ ಮೈ ಸವೆಸುವ ಸುಳ್ಳು. ತಪ್ಪು ತಾಯಿಯದು ಎಂದು ತೀರ್ಮಾನವಾದ ಕೂಡಲೇ ಸರ್ಕಾರದ ಹೊಣೆ ಒಂದು ಭಾಷಣಕ್ಕೆ, ಒಂದು ಭಿತ್ತಿಪತ್ರಕ್ಕೆ, ಸೆಪ್ಟೆಂಬರ್ ತಿಂಗಳ ಒಂದು ಪೋಷಣ ಮಾಸಾಚರಣೆಗೆ ಇಳಿದುಬಿಡುತ್ತದೆ. ಉಳ್ಳವರ ಮನಸ್ಸಿಗೂ ನೆಮ್ಮದಿ. ಹಸಿದವರು ತಮ್ಮ ಹಸಿವಿಗೆ ತಾವೇ ಕಾರಣ ಎಂದಾದ ಮೇಲೆ ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲವಲ್ಲ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಏನು ಹೇಳಿತು ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಶೇ 32.9ರಷ್ಟು ವಯಸ್ಸಿಗೆ ತಕ್ಕ ತೂಕವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ಶೇ 65.5, ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ನಡುವಿನ ವರ್ಷಗಳಲ್ಲಿ ಪೋಷಣ್ ಅಭಿಯಾನ ಬಂದಿತ್ತು, ಜಾಥಾಗಳು ನಡೆದಿದ್ದವು, ತರಕಾರಿ ಜೋಡಿಸಿ ರಂಗೋಲಿ ಬಿಡಿಸಿದ್ದೂ ಆಗಿತ್ತು. ಹಾಗಾದರೆ ನಾಡಿನ ಮೂವರು ತಾಯಂದಿರಲ್ಲಿ ಇಬ್ಬರು ಒಟ್ಟಿಗೇ ಅರಿವುಗೇಡಿಗಳಾದರೆ? ಅರಿವು ಹಂಚಿದಷ್ಟೂ ಅರಿವುಗೇಡಿತನ ಹೆಚ್ಚಿತೆ?

ಅಗ್ಗ ಎನ್ನುವವರು ಒಮ್ಮೆ ಲೆಕ್ಕ ಹಾಕಿ ತೋರಿಸಲಿ. ಅವರು ಹಾಕುವುದಿಲ್ಲ, ನಾವೇ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಬೇಕಾದವರ ತಟ್ಟೆಯಲ್ಲಿ ಏನೇನಿರಬೇಕೆಂದು ಹೇಳುತ್ತದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಬೀಜದಂಥವು 35 ಗ್ರಾಂ, ಎಣ್ಣೆ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. ಧಾನ್ಯ ಪಡಿತರದಲ್ಲಿ ಬಿಟ್ಟಿಯಾಗಿ ಬಂತೆಂದೇ ಇಟ್ಟುಕೊಳ್ಳಿ. ಉಳಿದದ್ದಕ್ಕೆ ದುಬಾರಿ ದರವನ್ನೂ ಹಿಡಿಯುವುದು ಬೇಡ. ತೊಗರಿಬೇಳೆ ಕಿಲೋಗೆ 120 ರೂಪಾಯಿ ಎಂದರೆ ಅದಕ್ಕೆ ಹತ್ತು ರೂಪಾಯಿ. ತರಕಾರಿ ಸರಾಸರಿ ಕಿಲೋಗೆ 40 ಎಂದರೆ ಹದಿನಾರು. ಬಾಳೆಹಣ್ಣಿಗೆ ಆರು, ಕಡಲೆಬೀಜಕ್ಕೆ ಐದು, ಎಣ್ಣೆಗೆ ನಾಲ್ಕು. ಹಾಲು ಲೀಟರಿಗೆ 46ರಂತೆ ಸುಮಾರು ಹದಿನಾಲ್ಕು. ಒಬ್ಬರಿಗೆ ಒಂದು ದಿನಕ್ಕೆ 55 ರೂಪಾಯಿ, ತಿಂಗಳಿಗೆ 1,650. ಇದರಲ್ಲಿ ಉಪ್ಪು, ಹುಣಸೆಹಣ್ಣು, ಮೆಣಸಿನಕಾಯಿ ಸೇರಿಲ್ಲ. ಗ್ಯಾಸೂ ಸೇರಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಕೇಂದ್ರ ಸರ್ಕಾರದ್ದೇ 2023-24ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳ ಅತಿ ಬಡ ಶೇ 5ರಷ್ಟು ಜನರಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 1,677 ರೂಪಾಯಿ. ಊಟದ ಖರ್ಚಲ್ಲ, ಎಲ್ಲ ಖರ್ಚು. ಬಟ್ಟೆ, ಬಸ್ಸು, ಮಾತ್ರೆ, ಮಗುವಿನ ನೋಟ್‌ಬುಕ್ಕು, ಸಾವಿನ ಮನೆಗೆ ಹೋಗಿಬರುವುದು, ಎಲ್ಲ ಅದರೊಳಗೇ. ತಜ್ಞರು ಹೇಳಿದಂತೆ ಉಂಡರೆ ಅವರ ಕೈಯಲ್ಲಿ ಉಳಿಯುವುದು 27 ರೂಪಾಯಿ. ಆ 27 ರೂಪಾಯಿಯಲ್ಲಿ ತಿಂಗಳು ಹೇಗೆ ದೂಡಬೇಕೆಂದು ಯಾವ ಅರಿವಿನ ಕಾರ್ಯಕ್ರಮ ಹೇಳಿಕೊಡುತ್ತದೆ?

ಐದು ಜನರ ಮನೆಗೆ ಇದೇ ತಟ್ಟೆ ತಿಂಗಳಿಗೆ 8,250 ರೂಪಾಯಿಯಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ಒಂದಿಷ್ಟು ಇಳಿದೀತು. ಉದ್ಯೋಗ ಖಾತರಿಯಲ್ಲಿ 2025-26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ಪೂರ್ತಿ ಕೆಲಸ ಸಿಕ್ಕಿದ್ದರೆ ವರ್ಷಕ್ಕೆ 37,000. ಅದಷ್ಟನ್ನೂ ಹೊಟ್ಟೆಗೇ ಹಾಕಿದರೂ ಈ ತಟ್ಟೆ ನಾಲ್ಕೂವರೆ ತಿಂಗಳಿಗೆ ಖಾಲಿ.

ಇಷ್ಟು ಹೇಳಿದ ಮೇಲೂ ಒಂದು ಉತ್ತರ ಸಿದ್ಧವಿರುತ್ತದೆ: ಜಾಣತನದಿಂದ ಕೊಳ್ಳಬೇಕು, ಒಟ್ಟಿಗೆ ಕೊಳ್ಳಬೇಕು, ಹುರುಳಿ ಅಲಸಂದೆಯಂಥ ಅಗ್ಗದ ಕಾಳು ಬೇಯಿಸಬೇಕು. ಒಟ್ಟಿಗೆ ಕೊಳ್ಳಲು ಕೈಯಲ್ಲಿ ಒಟ್ಟಿಗೆ ದುಡ್ಡಿರಬೇಕು. ಸಂಜೆ ಕೂಲಿ ಕೈಸೇರಿದ ಮೇಲೆ ಕಾಲು ಕಿಲೋ ಬೇಳೆ, ಚಿಕ್ಕ ಪೊಟ್ಟಣದ ಎಣ್ಣೆ ಕೊಳ್ಳುವ ಹೆಂಗಸು ತಿಂಗಳ ಸಾಮಾನನ್ನು ಒಮ್ಮೆಗೇ ತರುವವರಿಗಿಂತ ಹೆಚ್ಚಿನ ದರ ತೆರುತ್ತಾಳೆ. ಸಾಲ ಬರೆದುಕೊಳ್ಳುವ ಅಂಗಡಿಯಲ್ಲಿ ಚೌಕಾಶಿ ಮಾಡುವ ಬಾಯಿ ಅವಳಿಗಿಲ್ಲ. ಹುರುಳಿಕಾಳು ನೆನೆಯಬೇಕು, ಬಹಳ ಹೊತ್ತು ಬೇಯಬೇಕು. ಸಿಲಿಂಡರಿನ ಬೆಲೆ ಬೆಂಗಳೂರಿನಲ್ಲಿ 850 ರೂಪಾಯಿ ದಾಟಿದೆ. ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸಿನ ವ್ಯಾನು ಹಿಡಿಯಬೇಕಾದವಳು, ಗಾರೆ ಕೆಲಸಕ್ಕೆ ಹೊರಟವಳು, ನೀರು ಬರುವ ಹೊತ್ತನ್ನು ಕಾದು ಕೊಡ ತುಂಬಿಸುವವಳು, ಕಾಳು ಬೇಯುವವರೆಗೆ ಒಲೆಯ ಮುಂದೆ ಕೂರಬೇಕೆ? ಅಗ್ಗದ ಕಾಳಿಗೆ ಅವಳ ನಿದ್ದೆಯೂ ಒಲೆಯ ಉರಿಯೂ ಸೇರಿದ ಮೇಲೆ ಅದು ಅಗ್ಗವಾಗಿ ಉಳಿಯುವುದಿಲ್ಲ. ಈ ಲೆಕ್ಕವನ್ನು ಯಾವ ಆಹಾರ ತಜ್ಞರೂ ಹಾಕಲಾರರು, ಏಕೆಂದರೆ ಹೆಂಗಸಿನ ಹೊತ್ತಿಗೆ ಬೆಲೆಯಿಲ್ಲ ಎಂಬುದು ಅವರ ಲೆಕ್ಕದ ಮೊದಲ ಸಾಲು.

ಇನ್ನು ಬಿಸ್ಕತ್ತು, ಕುರುಕಲು. ಬಡವರ ಮೇಲಿನ ದೂರುಗಳಲ್ಲಿ ಇದರಷ್ಟು ಜನಪ್ರಿಯವಾದದ್ದು ಇನ್ನೊಂದಿಲ್ಲ. ಆದರೆ ಐದು ರೂಪಾಯಿ ಹಿಡಿದು ಹಳ್ಳಿಯ ಅಂಗಡಿಗೆ ಹೋದ ಮಗುವಿಗೆ ಅಲ್ಲಿ ಇನ್ನೇನು ಸಿಗುತ್ತದೆ? ಮೊಟ್ಟೆ ಆರೇಳು ರೂಪಾಯಿ. ಲೋಟ ಹಾಲು ಅದಕ್ಕಿಂತ ಹೆಚ್ಚು. ಕಡಲೆಮಿಠಾಯಿ ಸಿಕ್ಕರೆ ಅದೃಷ್ಟ. ಐದು ರೂಪಾಯಿಗೆ ಎಂದೂ ಹಳಸದೆ, ಬೇಯಿಸಬೇಕಾಗದೆ, ಎಲ್ಲ ಊರಿನಲ್ಲೂ ಎಲ್ಲ ದಿನವೂ ಸಿಗುವಂತೆ ಏನನ್ನಾದರೂ ತಲುಪಿಸಬೇಕೆಂದು ಕಂಪನಿಗಳು ಪಟ್ಟು ಹಿಡಿದವು. ಬೆಲೆ ಏರಿಸಲಾಗದೆ ಪೊಟ್ಟಣದ ತೂಕ ಇಳಿಸಿಯಾದರೂ ಆ ಐದು ರೂಪಾಯಿಯನ್ನು ಉಳಿಸಿಕೊಂಡವು. ಮೊಟ್ಟೆಗಾಗಿ, ಬೇಯಿಸಿದ ಕಾಳಿಗಾಗಿ, ಹಾಲಿಗಾಗಿ ಅಂಥ ಪಟ್ಟು ಹಿಡಿದ ಸರ್ಕಾರ ಯಾವುದು? ಆ ಕಂಪನಿಗಳಿಗೆ ಪರವಾನಗಿ ಕೊಟ್ಟು, ತೆರಿಗೆ ಎತ್ತಿ, ಆಮೇಲೆ ತಾಯಿಯ ಮುಂದೆ ಬೆರಳೆತ್ತುವುದು ಯಾವ ನ್ಯಾಯ? ಕೆಲಸದ ಜಾಗದಲ್ಲಿ ಮಗುವನ್ನು ಮರಳಿನ ರಾಶಿಯ ಪಕ್ಕ ಕೂರಿಸಿ ಕಲ್ಲು ಹೊರುವ ತಾಯಿಗೆ ಆ ಪೊಟ್ಟಣ ಅರ್ಧ ಗಂಟೆ ಕೊಡುತ್ತದೆ. ಅವಳಿಗೆ ಬೇಕಾದದ್ದು ಉಪದೇಶವಲ್ಲ, ಮಗುವನ್ನು ನೋಡಿಕೊಂಡು ಊಟ ಹಾಕುವ ಕೂಸಿನ ಮನೆ.

ಸೊಪ್ಪು ಬಿಟ್ಟಿ ಸಿಗುತ್ತದೆ ಎನ್ನುವವರು ಇತ್ತೀಚೆಗೆ ಹೊಲದ ಬದುವಿನ ಮೇಲೆ ನಡೆದಿಲ್ಲ. ಅಣ್ಣೆ, ಹೊನಗೊನ್ನೆ, ಗಣಿಕೆ, ಬಸಳೆ, ಕೀರೆ, ದೊಗ್ಗರೆ ಎಲ್ಲ ಸೇರಿಸಿ ಮಡಿಲಿಗೆ ತುಂಬಿಕೊಂಡು ಬಂದು ಬಸ್ಸಾರು ಮಾಡುತ್ತಿದ್ದ ಬೆರಕೆ ಸೊಪ್ಪು ಬೆಳೆಯುತ್ತಿದ್ದದ್ದು ರಾಗಿ ಹೊಲದ ಸಾಲುಗಳಲ್ಲಿ, ಕೆರೆಯ ಅಂಗಳದಲ್ಲಿ, ಗೋಮಾಳದಲ್ಲಿ. ಜಮೀನಿಲ್ಲದ ಹೆಂಗಸಿಗೂ ಅದನ್ನು ಕೀಳುವ ಹಕ್ಕಿತ್ತು. ಕಳೆ ಕೀಳಲು ಹೋದವಳು ಸಾರಿಗೂ ತರುತ್ತಿದ್ದಳು. ಅದರ ಮೇಲೆ ಕಳೆನಾಶಕ ಬಿತ್ತು. ಕಳೆ ಕೀಳುವ ಕೂಲಿಯೂ ಹೋಯಿತು, ಸೊಪ್ಪೂ ಹೋಯಿತು, ಒಂದೇ ಸಿಂಪಡಣೆಯಲ್ಲಿ. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುತ್ತಿದ್ದ ಅಕ್ಕಡಿ ಸಾಲುಗಳನ್ನು ಟ್ರ್ಯಾಕ್ಟರಿಗೂ ಕಟಾವು ಯಂತ್ರಕ್ಕೂ ಅಡ್ಡಿ ಎಂದು ಕೈಬಿಟ್ಟದ್ದಾಯಿತು. ಮನೆಯ ಬೇಳೆ, ಮನೆಯ ಎಣ್ಣೆ ಆ ಸಾಲುಗಳಲ್ಲಿತ್ತು. ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಮೊದಲು ನೀಲಗಿರಿ ಬಂತು, ಆಮೇಲೆ ಬಡಾವಣೆಯ ಕಲ್ಲುಗಳು ಬಂದವು. ಇದನ್ನೆಲ್ಲ ಮಾಡಿ ಮುಗಿಸಿ, ನಿಮ್ಮ ಅಜ್ಜಿಯ ಅಡುಗೆಯನ್ನು ಏಕೆ ಮರೆತಿರಿ ಎಂದು ಮೊಮ್ಮಗಳನ್ನು ಕೇಳುವುದು ಕ್ರೌರ್ಯ. ಅವಳು ಮರೆತಿಲ್ಲ. ಬಸ್ಸಾರು ಹೇಗೆ ಬಸಿಯಬೇಕು, ಸೊಪ್ಪಿಗೆ ಯಾವ ಕಾಳು ಹೊಂದುತ್ತದೆ, ಬಾಣಂತಿಗೆ ಏನು ಕೊಡಬೇಕು ಎಂದು ಸಭೆಯಲ್ಲಿ ಮಾತಾಡುವವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಬಾಗಲಕೋಟೆಯಲ್ಲೋ ರಾಯಚೂರಿನಲ್ಲೋ ಕೇಳಿ, ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಲೆ, ಮಡಕೆಕಾಳು, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಎಂದು ಹೆಸರು ಹೇಳುತ್ತ ಹೋಗುತ್ತಾರೆ. ಪೌಷ್ಟಿಕ ಊಟದ ಪಾಠವನ್ನು ಇವರಿಗೆ ಯಾರು ಹೇಳಿಕೊಡಬೇಕು?

ಇದೇ ಉಸಿರಿನಲ್ಲಿ ಹಿಂದಿನವರ ಗಟ್ಟಿತನದ ಮಾತೂ ಬರುತ್ತದೆ. ಮುದ್ದೆ ಸೊಪ್ಪು ತಿಂದು ಕಬ್ಬಿಣದಂತಿದ್ದರಂತೆ. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು ಮೂವತ್ತೆರಡರ ಆಸುಪಾಸಿನಲ್ಲಿತ್ತು. ಗಟ್ಟಿಯಾಗಿದ್ದವರು ನೆನಪಿನಲ್ಲಿ ಉಳಿದರು. ತೊಟ್ಟಿಲಲ್ಲೇ ಹೋದವರನ್ನು ನೆನೆಯುವವರು ಯಾರು? ರಾಗಿ ಒಳ್ಳೆಯದು, ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಹತ್ತು ಕೂಡ ಇಲ್ಲ. ಆದರೆ ಬರಿಯ ಮುದ್ದೆ, ಉಪ್ಪು, ಹಸಿಮೆಣಸಿನಕಾಯಿ ತಿಂದು ಬದುಕಿದ್ದನ್ನು ವೈಭವವೆಂದು ಬಣ್ಣಿಸುವವರು ಅಂದಿನ ಉಳ್ಳವರ ತಟ್ಟೆಯನ್ನು ಎಲ್ಲರ ತಟ್ಟೆ ಎಂದುಕೊಂಡಿದ್ದಾರೆ. ಈಗ ಸಿರಿಧಾನ್ಯದ ಹೊಸ ಭಕ್ತರೂ ಸೇರಿಕೊಂಡಿದ್ದಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತು. ನವಣೆ, ಸಾಮೆ, ಊದಲು ಮಾಲ್‌ಗಳ ಕಪಾಟು ಏರಿದವು, ಕಿಲೋಗೆ ನೂರು ರೂಪಾಯಿಗೂ ಮೇಲೆ. ಬಡವರ ಧಾನ್ಯವನ್ನು ಬಡವರ ಕೈಗೆ ಎಟುಕದಂತೆ ಮಾಡಿದ ಮೇಲೆ ಅದನ್ನೇ ತಿನ್ನಿರೆಂದು ಅವರಿಗೆ ಬುದ್ಧಿ ಹೇಳಲಾಗುತ್ತಿದೆ.

ಧಾನ್ಯವೊಂದಿದ್ದರೆ ಸಾಕು ಎಂಬ ಆಡಳಿತದ ನಂಬಿಕೆಗೆ ನಮ್ಮಲ್ಲಿ ದೊಡ್ಡ ವಯಸ್ಸಿದೆ. 1876-78ರ ಬರದಲ್ಲಿ ಮೈಸೂರು ಸೀಮೆ, ಅಂದು ಮದ್ರಾಸಿಗೆ ಸೇರಿದ್ದ ಬಳ್ಳಾರಿ, ಅದರಾಚೆಯ ಜಿಲ್ಲೆಗಳು ಹೆಣಗಳಿಂದ ತುಂಬಿದ್ದಾಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ, ಮೇಲೆ ಪುಡಿಗಾಸು. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಶ್ ಎಂಬ ವೈದ್ಯ ಅದನ್ನು ವಿರೋಧಿಸಿದ. ಧಾನ್ಯವನ್ನು ಹೆಚ್ಚಿಸಬೇಕು, ಅದರ ಜೊತೆ ಬೇಳೆ, ತರಕಾರಿಯೂ ಬೇಕು ಎಂದು ವಾದಿಸಿದ. ಸುಮಾರು ನೂರೈವತ್ತು ವರ್ಷಗಳಾದವು. ಬೇಳೆ ಬೇಕೇ ಬೇಡವೇ ಎಂಬ ವಾದವನ್ನು ನಾವಿನ್ನೂ ಮುಗಿಸಿಲ್ಲ.

2013ರ ಆಹಾರ ಭದ್ರತಾ ಕಾಯ್ದೆ ಕೊಡುವುದು ಒಬ್ಬರಿಗೆ ತಿಂಗಳಿಗೆ ಐದು ಕಿಲೋ ಧಾನ್ಯ. ಅದೇ ವರ್ಷ ಬಂದ ಅನ್ನಭಾಗ್ಯ ಜನರ ಹಸಿವನ್ನು ನಿಜವಾಗಿ ತಗ್ಗಿಸಿತು. ಅದು ಜನರನ್ನು ಸೋಮಾರಿಗಳನ್ನಾಗಿ ಮಾಡಿತೆಂದು ಕೂಗಿದವರು ಅಕ್ಕಿಗಾಗಿ ಎಂದೂ ಸಾಲಿನಲ್ಲಿ ನಿಲ್ಲದವರು. ಕೂಲಿಗೆ ಆಳು ಅಗ್ಗವಾಗಿ ಸಿಗುತ್ತಿಲ್ಲ ಎಂಬ ಸಂಕಟ ಅವರದು. ಅಕ್ಕಿ ಸರಿಯೇ. ಅಕ್ಕಿಯ ಬಳಿಗೇ ಬಂದು ನಿಂತದ್ದು ತಪ್ಪು. ಐದಿದ್ದದ್ದನ್ನು ಹತ್ತು ಕಿಲೋ ಮಾಡುವ ಪೈಪೋಟಿಯಲ್ಲಿ ಪಕ್ಷಗಳು ವರ್ಷಗಳನ್ನು ಕಳೆದವು, ತಟ್ಟೆಯ ಉಳಿದ ಭಾಗವನ್ನು ಯಾರೂ ನೋಡಲಿಲ್ಲ. 2025ರಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಕಿಟ್ ಕೊಡುವುದಾಗಿ ರಾಜ್ಯ ಸರ್ಕಾರ ಹೇಳಿತು. ಹನ್ನೆರಡು ವರ್ಷ ಬೇಕಾಯಿತು ಈ ಮಾತಿಗೆ. ಪಕ್ಕದ ತಮಿಳುನಾಡು 2007ರಿಂದಲೇ ಪಡಿತರದಲ್ಲಿ ತೊಗರಿಬೇಳೆಯನ್ನೂ ತಾಳೆ ಎಣ್ಣೆಯನ್ನೂ ರಿಯಾಯಿತಿ ದರದಲ್ಲಿ ಕೊಡುತ್ತ ಬಂದಿದೆ; ಬೇಳೆ ಕಿಲೋಗೆ 30 ರೂಪಾಯಿ, ಎಣ್ಣೆ ಲೀಟರಿಗೆ 25. ತೊಗರಿ ನಮ್ಮ ಕಲಬುರಗಿಯದು. ಭೌಗೋಳಿಕ ಸೂಚಿಯ ಗೌರವವೂ ಅದಕ್ಕೆ ಸಿಕ್ಕಿದೆ. ದರ ಕುಸಿದಾಗ ಅಲ್ಲಿನ ರೈತರು ಖರೀದಿ ಕೇಂದ್ರ ತೆರೆಯಿರೆಂದು ಬೀದಿಗಿಳಿಯುತ್ತಾರೆ, ಅದೇ ಜಿಲ್ಲೆಯ ಮಗು ತೆಳ್ಳನೆಯ ಸಾರಿನಲ್ಲಿ ಬೇಳೆ ಹುಡುಕುತ್ತದೆ. ಆ ರೈತನಿಂದ ಬೆಂಬಲ ಬೆಲೆಗೆ ಕೊಂಡು ಆ ಮಗುವಿನ ಮನೆಗೆ ಮುಟ್ಟಿಸಲು ಯಾರ ಅರಿವು ಬೆಳೆಯಬೇಕಾಗಿದೆ, ಮಗುವಿನ ತಾಯಿಯದೋ ವಿಧಾನಸೌಧದ್ದೋ?

ಶಾಲೆಗೆ ಬನ್ನಿ. 2025ರ ಮೇ ತಿಂಗಳಿಂದ ಬಿಸಿಯೂಟದ ಸಾಮಗ್ರಿಗೆ ಕೇಂದ್ರ ನಿಗದಿ ಮಾಡಿದ ದರ ಐದನೆಯ ತರಗತಿಯವರೆಗಿನ ಮಗುವಿಗೆ 6.78 ರೂಪಾಯಿ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಉರುವಲು, ಎಲ್ಲಕ್ಕೂ ಸೇರಿ. ಒಂದು ಮೊಟ್ಟೆಯ ಬೆಲೆ. ಅಂಗನವಾಡಿಯ ಮಗುವಿಗೆ 2017ರಲ್ಲಿ ನಿಗದಿಯಾದ ದರ ದಿನಕ್ಕೆ ಎಂಟು ರೂಪಾಯಿ, ಗರ್ಭಿಣಿ ಬಾಣಂತಿಯರಿಗೆ ಒಂಬತ್ತೂವರೆ. ಈ ದರ ಬರೆದ ಅಧಿಕಾರಿಗಳಿಗೆ ಪೇಟೆಯ ಬೆಲೆ ಗೊತ್ತಿಲ್ಲವೆ? ತಮ್ಮ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಏರುವಾಗ ಬೆಲೆ ಏರಿದ್ದು ಅವರಿಗೆ ಚೆನ್ನಾಗಿ ಕಾಣುತ್ತದೆ. ಮಗುವಿನ ತಟ್ಟೆಗೆ ಆ ಸೂತ್ರ ಏಕಿಲ್ಲ?

ಮೊಟ್ಟೆಯ ಕತೆಯಲ್ಲಿ ಅರಿವಿನ ವಾದದ ಬಣ್ಣ ಪೂರ್ತಿ ಬಯಲಾಗುತ್ತದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಅವರನ್ನು ಓಲೈಸಲು ಹೊರಟವರೂ ಇದ್ದರು. ಆಗ ಗಂಗಾವತಿಯ ಶಾಲೆಯೊಂದರ ಹುಡುಗಿ ಕ್ಯಾಮೆರಾದ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಕೇಳಿದ್ದನ್ನು ನಾಡೆಲ್ಲ ನೋಡಿತು. ತನ್ನ ಮೈಗೆ ಏನು ಬೇಕೆಂಬ ಅರಿವು ಆ ಹುಡುಗಿಗಿತ್ತು. ಅಡ್ಡ ನಿಂತದ್ದು ಓದಿದವರು, ಪೀಠದಲ್ಲಿ ಕುಳಿತವರು. ಆಮೇಲೆ ಗದುಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನ, ಮೊಟ್ಟೆ ತಿಂದ ಯಾದಗಿರಿಯ ಮಕ್ಕಳ ತೂಕ ಮೊಟ್ಟೆ ಸಿಗದ ಗದುಗಿನ ಮಕ್ಕಳಿಗಿಂತ ಹೆಚ್ಚು ಏರಿದ್ದನ್ನು ತೋರಿಸಿತು. ಒಂದು ಮೊಟ್ಟೆ ಮಾಡಿದ ಕೆಲಸವನ್ನು ಯಾವ ಭಾಷಣ ಮಾಡಿದೆ? ಮೊಟ್ಟೆ ಬೇಡವೆನ್ನುವ ಮನೆಯ ಮಗುವಿಗೆ ಬಾಳೆಹಣ್ಣು ಇದ್ದೇ ಇದೆ. ಆ ಮಗುವಿನ ನಂಬಿಕೆಗೆ ಯಾರೂ ಕೈಹಾಕಿಲ್ಲ. ಆದರೆ ಕಾಳು, ಸೋಯಾ, ಹಾಲು ಇವೆಯಲ್ಲ ಎಂದು ಪರ್ಯಾಯ ಸೂಚಿಸಿದವರು ಯಾರೂ ಅವುಗಳ ಖರ್ಚಿಗಾಗಿ ಒಂದು ಮನವಿಯನ್ನೂ ಬರೆದು ಕೊಟ್ಟದ್ದು ನಾನು ಕಂಡಿಲ್ಲ. ಇಂದು ವಾರಕ್ಕೆ ಆರು ಮೊಟ್ಟೆ ಸಿಗುತ್ತಿದ್ದರೆ, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2024ರಲ್ಲಿ ಮೂರು ವರ್ಷಕ್ಕೆಂದು ಒಪ್ಪಿದ ಸುಮಾರು 1,500 ಕೋಟಿ ರೂಪಾಯಿಯ ಬಲದಿಂದ. ಅವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಮೂರು ವರ್ಷ ಮುಗಿದ ಮರುದಿನ ಮಕ್ಕಳ ಹಸಿವೂ ಮುಗಿಯುತ್ತದೆಯೆ? ಮಗುವಿನ ಹಕ್ಕು ದಾನಿಯ ಅವಧಿಗೆ ಕಟ್ಟುಬಿದ್ದಿರಬೇಕೆ?

ರಕ್ತಹೀನತೆಗೆ ಕೇಂದ್ರ ಕಂಡುಕೊಂಡ ದಾರಿ ಸಾರವರ್ಧಿತ ಅಕ್ಕಿ. 2028ರ ಡಿಸೆಂಬರ್‌ವರೆಗೆ ಅದನ್ನು ಮುಂದುವರಿಸಲು 2024ರಲ್ಲಿ 17,082 ಕೋಟಿ ರೂಪಾಯಿ ಮಂಜೂರಾಯಿತು. ಕಬ್ಬಿಣ ಬೆರೆಸಿದ ಅಕ್ಕಿಗೆ ಇಷ್ಟು ಹಣವಿದೆ ಎಂದಾದರೆ ಬೇಳೆಗೆ ಹಣವಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ರಕ್ತಕ್ಕೆ ಬೇಕಾದದ್ದು ಕಬ್ಬಿಣವೊಂದೇ ಅಲ್ಲ. ಪ್ರೋಟೀನು ಬೇಕು, ಕಬ್ಬಿಣ ಮೈಗೆ ಹತ್ತಲು ನಿಂಬೆ, ನೆಲ್ಲಿಯಂಥ ಹುಳಿ ಹಣ್ಣಿನ ಸತ್ವ ಬೇಕು. ತಟ್ಟೆಯನ್ನು ಬರಿದಾಗಿಯೇ ಇಟ್ಟು ಅನ್ನದಲ್ಲಿ ಔಷಧಿ ಕಲಸಿದರೆ ಅದು ಊಟವಾಗುವುದಿಲ್ಲ. ತೀವ್ರ ಅಪೌಷ್ಟಿಕತೆಯ ಮಗುವನ್ನು ತಾಲ್ಲೂಕು ಆಸ್ಪತ್ರೆಯ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಇಟ್ಟು ತೂಕ ಏರಿಸಿ ಕಳಿಸುತ್ತಾರೆ. ಅಲ್ಲಿ ಆ ಮಗುವಿಗೆ ಕೊಟ್ಟದ್ದು ಆಹಾರ, ಏರಿದ್ದು ತೂಕ. ಮನೆಗೆ ಹೋದ ಮೇಲೆ ಆ ಆಹಾರ ಇಲ್ಲ, ತೂಕವೂ ಇಲ್ಲ. ಇಷ್ಟು ನೇರವಾದ ಸಾಕ್ಷ್ಯ ಕಣ್ಣೆದುರಿಗಿದ್ದೂ ಬಿಡುಗಡೆಯ ದಿನ ತಾಯಿಗೆ ಸಿಗುವುದು ಮತ್ತೊಂದು ಸುತ್ತಿನ ತಿಳಿವಳಿಕೆ.

ಸಾಕು. ಪೋಷಣ ಮಾಸದ ವೇದಿಕೆಗಳನ್ನು ಕಳಚಿ, ಆ ಹಣವನ್ನು ಅಂಗನವಾಡಿಯ ಪಾತ್ರೆಗೆ ಹಾಕಿ. ಪ್ರತಿ ಪಡಿತರ ಚೀಟಿಗೆ ತಿಂಗಳಿಗೆ ಮನೆಯ ತಲೆ ಲೆಕ್ಕದಲ್ಲಿ ಬೇಳೆಯೂ ಎಣ್ಣೆಯೂ ಸಿಗಬೇಕು; ಚುನಾವಣೆಯಿಂದ ಚುನಾವಣೆಗೆ ಹೆಸರು ಬದಲಾಗುವ ಕಿಟ್ ಆಗಿ ಅಲ್ಲ, ಕಾಯ್ದೆಯಲ್ಲಿ ಬರೆದ ಹಕ್ಕಾಗಿ. ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ವರ್ಷದ ಹನ್ನೆರಡು ತಿಂಗಳೂ ಬರಬೇಕು, ಅಲ್ಲಿನ ರೈತರಿಂದಲೇ ಕೊಂಡದ್ದು. ಬಿಸಿಯೂಟದ, ಅಂಗನವಾಡಿಯ ದರ ನೌಕರರ ತುಟ್ಟಿಭತ್ಯೆಯ ಜೊತೆಗೇ ಏರಬೇಕು, ಅದೇ ಆದೇಶದಲ್ಲಿ, ಅದೇ ದಿನ. ಆರು ಮೊಟ್ಟೆಯ ಪೂರ್ತಿ ಖರ್ಚನ್ನು ರಾಜ್ಯದ ಬೊಕ್ಕಸ ಹೊರಬೇಕು. ಹೆಂಗಸರು ಕೂಲಿಗೆ ಹೋಗುವ ಪ್ರತಿ ಊರಿನಲ್ಲೂ, ನಗರದ ಪ್ರತಿ ದೊಡ್ಡ ಕಟ್ಟಡದ ಕೆಲಸದ ಜಾಗದಲ್ಲೂ ಊಟ ಹಾಕುವ ಕೂಸಿನ ಮನೆ ತೆರೆಯಬೇಕು. ಮುಂದಿನ ಆಯವ್ಯಯ ಮಂಡನೆಯಾದ ದಿನ ನಿಮ್ಮ ಶಾಸಕರನ್ನು ಹುಡುಕಿಕೊಂಡು ಹೋಗಿ, ಅಂಗನವಾಡಿಯ ಮಗುವಿನ ಎಂಟು ರೂಪಾಯಿ ಎಷ್ಟಾಯಿತು ಎಂದು ಕೇಳಿ. ಜನರಲ್ಲಿ ಅರಿವು ಮೂಡಿಸುತ್ತಿದ್ದೇವೆ ಎಂದು ಅವರು ಶುರುಮಾಡಿದರೆ ಅಲ್ಲೇ ತಡೆದು, ಅಂಕಿ ಹೇಳಿ ಎನ್ನಿ. ಹೇಳುವವರೆಗೂ ಅಲ್ಲಿಂದ ಕದಲಬೇಡಿ.